ಎದೆಯ ಮಾತ್ರೆ ನುಂಗಿ ಗ್ಲಾಸು ಹಿಡಿದ ಈರಣ್ಣ

ಶಿವನಿಯ ಈರಣ್ಣನಿಗೆ ಎದೆ ಡವಗುಟ್ಟುವ ಕಾಯಿಲೆ. ತರೀಕೆರೆಯ ಡಾಕ್ಟರ್ ಭವ್ಯ ಅವನಿಗೆ ಬೀಟಾ ಬ್ಲಾಕರ್ ಎಂಬ ಮಾತ್ರೆ ಬರೆದುಕೊಟ್ಟಿದ್ದರು. ಎದೆಬಡಿತ ನಿಧಾನ ಮಾಡಿ ಬಿ.ಪಿ. ಇಳಿಸುವ ಮಾತ್ರೆ ಅದು. ಈರಣ್ಣ ಮಾತ್ರೆ ತಪ್ಪಿಸುತ್ತಿರಲಿಲ್ಲ. ಹೆಂಡದ ಗ್ಲಾಸನ್ನೂ ತಪ್ಪಿಸುತ್ತಿರಲಿಲ್ಲ.

“ಎರಡೂ ಒಟ್ಟಿಗೆ ಬೇಡ ಕಣ್ರೀ, ಭಯ ಆಯ್ತದೆ,” ಎಂದು ಹೆಂಡತಿ ಸುಲೋಚನಮ್ಮ ಗೋಗರೆಯುತ್ತಿದ್ದಳು.

“ಮಾತ್ರೆ ತಗೊಂಡಿವ್ನಲ್ಲ, ಏನಾಗಲ್ಲ ಸುಮ್ನಿರು,” ಎನ್ನುತ್ತಿದ್ದ ಅವನು.

ಕಡೂರಿನಲ್ಲಿ ನೆಂಟರ ಮನೆ ನಿಶ್ಚಿತಾರ್ಥ. ಊಟಕ್ಕೆ ಮುಂಚೆ ಈರಣ್ಣ ಚೆನ್ನಾಗಿಯೇ ಕುಡಿದ. ಹೆಂಡತಿಯ ಜೊತೆ ರೈಲ್ವೆ ಸ್ಟೇಷನ್ನಿಗೆ ಬರುವಾಗ ಕಾಲು ತಡವರಿಸುತ್ತಿತ್ತು. ಅಮಲು ಇಳಿಯಲೆಂದು ಸ್ಟ್ರಾಂಗ್ ಕಾಫಿಯ ಮೇಲೆ ಕಾಫಿ ಕುಡಿದ. ಅಮಲು ಇಳಿಯಲಿಲ್ಲ, ಎದೆ ಮಾತ್ರ ಮತ್ತೆ ಡವಗುಟ್ಟತೊಡಗಿತು.

ರೈಲು ಕೂಗಿತು. ಬೆಂಚಿನಿಂದ ಈರಣ್ಣ ದಡಬಡಿಸಿ ಎದ್ದ. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಣ್ಣು ಕತ್ತಲಾಗಿ ಹಳಿಯ ಕಡೆಗೆ ವಾಲಿದ. ಸುಲೋಚನಮ್ಮ ಹಿಂದಿನಿಂದ ಅಂಗಿ ಹಿಡಿದು ಎಳೆದಳು. ಇಬ್ಬರೂ ಪ್ಲಾಟ್‌ಫಾರಂ ಮೇಲೆ ಬಿದ್ದರು. ಪಕ್ಕದಲ್ಲೇ ರೈಲು ಹಾದುಹೋಯಿತು. ಗಂಡನ ಮೈ ತಣ್ಣಗೆ ಬೆವೆತಿತ್ತು, ಮಾತಿಲ್ಲ. ಹೋಗೇಬಿಟ್ಟ ಎಂದುಕೊಂಡಳು.

ಆಸ್ಪತ್ರೆಯಲ್ಲಿ ಅವನು ಚೇತರಿಸಿಕೊಂಡ. ಮರುದಿನ ಇಬ್ಬರೂ ಡಾಕ್ಟರ್ ಭವ್ಯ ಅವರ ಮುಂದೆ ಕೂತರು.

“ಕುಡೀತೀರಾ ಅಂತ ಕೇಳ್ದಾಗ ಇಲ್ಲ ಅಂದಿದ್ರಿ,” ಎಂದರು ಡಾಕ್ಟರು. “ಮಾತ್ರೆನೂ ಬಿ.ಪಿ. ಇಳಿಸುತ್ತೆ, ಹೆಂಡಾನೂ ಇಳಿಸುತ್ತೆ. ಎರಡೂ ಸೇರಿದ್ರೆ ತಲೆ ಸುತ್ತಿ ಬೀಳ್ತೀರ. ಇನ್ನು ಕಾಫಿ ಅತಿಯಾದ್ರೆ ಎದೆಬಡಿತ ಜೋರಾಗುತ್ತೆ, ಮಾತ್ರೆ ಕೆಲಸಕ್ಕೇ ಅಡ್ಡ ಬರುತ್ತೆ.”

“ಹಂಗಾದ್ರೆ ಕುಡಿಯೋ ದಿನ ಮಾತ್ರೆ ಬಿಟ್ಬಿಡ್ತೀನಿ ಡಾಕ್ಟ್ರೇ.”

“ಅದು ಇನ್ನೂ ಅಪಾಯ. ಈ ಮಾತ್ರೆ ದಿಢೀರಂತ ನಿಲ್ಸಿದ್ರೆ ಹಾರ್ಟ್ ಅಟ್ಯಾಕೂ ಆಗ್ಬೋದು.”

ಈರಣ್ಣ ಹೆಂಡತಿಯ ಕಡೆ ನೋಡಿದ. ಅವಳ ಮೊಣಕೈ ತರಚಿ ಹೋಗಿತ್ತು.

“ದಿನಾ ಕುಡೀತೀನಿ ಡಾಕ್ಟ್ರೇ. ಬಿಡೋಕೆ ದಾರಿ ಹೇಳಿ,” ಎಂದ ಮೆಲ್ಲಗೆ.

ಬಂಧುಗಳೇ, ನಿಮ್ಮ ಮನೆಯಲ್ಲೂ ಯಾರಾದರೂ ಈ ಮಾತ್ರೆ ನುಂಗುತ್ತಿರಬಹುದು. ಕುಡಿತ, ಕಾಫಿ, ಟೀ ಎಲ್ಲವನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮಾತ್ರೆಯ ಜೊತೆ ಮದ್ಯ ಬೇಡ. ಕಾಫಿ ಎಷ್ಟು ಕುಡಿಯಬಹುದು ಎಂದು ಕೇಳಿ ತಿಳಿಯಿರಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬೀಳುವಾಗ ಹಿಡಿಯಲು ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆಂದು ನಂಬಿ ಕೂರಬೇಡಿ.