ಐದು ದಿನದ ವಿದ್ಯೆ

"ಕೈ ಅಲ್ಲಾಡಿಸಬ್ಯಾಡ," ಎನ್ನುತ್ತ ಸುಮೇಧ ಹೊಳೆವ್ವನ ಬೆರಳುಗಳಿಗೆ ಎರಡು ಕ್ಲಿಪ್ಪು ಸಿಕ್ಕಿಸಿದ. ಎದೆಗೆ ಸುತ್ತಿದ ಪಟ್ಟಿಯಿಂದಾಗಿ ಅವಳಿಗೆ ಉಸಿರಾಡಲೂ ಸಂಕೋಚ. ಅಕ್ಕಿಆಲೂರಿನ ಆ ಅಕ್ಕಿ ಗಿರಣಿಯ ಆಫೀಸಿನಲ್ಲಿ, ಇಪ್ಪತ್ತೆರಡು ವರ್ಷಗಳಲ್ಲಿ, ಅವಳು ಕುರ್ಚಿಯ ಮೇಲೆ ಕೂತದ್ದು ಇದೇ ಮೊದಲು.

ಕಳುವಾದದ್ದು ಭತ್ತದ ತೇವ ಅಳೆಯುವ ಮೀಟರು. ಅದು ಬರುವ ಮೊದಲು ಹೊಳೆವ್ವನೇ ಕಾಳು ಕಡಿದು, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಹಾಗಾಗಿ ಮೀಟರಿನ ಮೇಲೆ ಅವಳಿಗೇ ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿದ ಮಾಲೀಕ ಪರಮೇಶ್ವರಪ್ಪ, ಸುಳ್ಳು ಹಿಡಿಯುವ ಯಂತ್ರದ ಸಮೇತ ಸುಮೇಧನನ್ನು ಹಾನಗಲ್ಲಿನಿಂದ ಕರೆಸಿದ್ದ. ಸುಳ್ಳೆಂದು ಬಂದರೆ ಅವಳು ಕಳ್ಳಿ ಎಂಬ ಹೆಸರು ಹೊತ್ತು ಇವತ್ತೇ ಕೆಲಸ ಬಿಡಬೇಕು.

ಸುಮೇಧನ ವಿದ್ಯೆಯ ಬಗ್ಗೆ ಹೇಳಲೇಬೇಕು. ಯಂತ್ರ ಮಾರುವವರೇ ಹುಬ್ಬಳ್ಳಿಯ ಲಾಡ್ಜೊಂದರಲ್ಲಿ ಐದು ದಿನ ಕಲಿಸಿದ್ದು ಅದು. ಅನುಭವಿಗಳ ಕೈಕೆಳಗೆ ಒಂದೇ ಒಂದು ಪರೀಕ್ಷೆ ಮಾಡಿದ್ದನೇ? ಇಲ್ಲ. ಕೇಳುವ ಪ್ರಶ್ನೆಗಳನ್ನು ಮೊದಲೇ ತಿಳಿಸಬೇಕು, ಒಪ್ಪಿಗೆ ಇಲ್ಲದೆ ತಂತಿ ಮುಟ್ಟಿಸಬಾರದು ಎಂಬ ಪಾಠ ನಾಲ್ಕನೆಯ ದಿನವಿತ್ತು. ಅವತ್ತು ಈ ಮಹಾಶಯ ಸೋದರಮಾವನ ಮಗನ ಮುಂಜಿಯಲ್ಲಿ ಹೋಳಿಗೆ ಉಣ್ಣುತ್ತಿದ್ದ. ಪ್ರಮಾಣಪತ್ರಕ್ಕೆ ಮಾತ್ರ ತಪ್ಪದೆ ಲ್ಯಾಮಿನೇಷನ್ ಆಗಿತ್ತು.

"ನಿನ್ನ ಹೆಸರು ಹೊಳೆವ್ವ ಏನು?"

"ಹೌದ್ರಿ."

"ಮೀಟರ್ ನೀನ ಕದ್ದೀಯೇನು?"

ಲ್ಯಾಪ್‌ಟಾಪಿನ ಮೇಲಿನ ಗೆರೆ ಜಿಗಿಯಿತು. ಜಿಗಿಯದೆ ಏನು ಮಾಡೀತು? ಇಷ್ಟು ವರ್ಷ ದುಡಿದವಳನ್ನು ಕಟ್ಟಿ ಕೂರಿಸಿ ಹೀಗೆ ಕೇಳಿದರೆ ಯಾರ ಎದೆ ಧಸಕ್ಕೆನ್ನುವುದಿಲ್ಲ?

"ಇಲ್ರಿ," ಎಂದಳು ಹೊಳೆವ್ವ.

"ಸುಳ್ಳು ಅದ, ಸಾಹುಕಾರ್ರ. ಗೆರಿ ನೋಡ್ರಿ," ಎಂದ ಸುಮೇಧ.

ಪರಮೇಶ್ವರಪ್ಪನಿಗೆ ಗೆರೆ ಓದಲು ಬರುತ್ತಿರಲಿಲ್ಲ. ಎಲ್ಲ ತಿಳಿದವನಂತೆ ತಲೆಯಾಡಿಸಿದ. "ನಾಳಿಂದ ಬರಬ್ಯಾಡಬೇ."

ಹೊಳೆವ್ವ ತಾನೇ ಕ್ಲಿಪ್ಪು ಕಿತ್ತು, ಎದೆಯ ಪಟ್ಟಿ ಬಿಚ್ಚಿದಳು. "ಇದನ್ನ ಎಷ್ಟ ದಿನ ಕಲ್ತೀರಿ, ಸರ?"

"ಐದು ದಿನ." ಅದರಲ್ಲಿ ಒಂದು ದಿನ ಸುಳ್ಳು. ಆದರೆ ಯಂತ್ರ ಅವನಿಗೆ ಕಟ್ಟಿರಲಿಲ್ಲವಲ್ಲ.

"ಕಾಳ ಕಡದು ಹೇಳೂದನ್ನ ನಮ್ಮವ್ವ ನನಗ ಮೂರು ಸುಗ್ಗಿ ಕಲಿಸಿದ್ಳ್ರಿ. ಅಲ್ಲೀತನಕ ಹಸಿ ಐತಿ, ಒಣಗೇತಿ ಅಂತ ಒಬ್ಬರ ಮುಂದನೂ ಬಾಯಿ ಬಿಡಾಕ ಬಿಟ್ಟಿದ್ದಿಲ್ರಿ."

ಹೊರಗೆ ಹಾರ್ನು ಕೇಳಿಸಿತು. ತಿಳವಳ್ಳಿಯಿಂದ ಭತ್ತದ ಲಾರಿ ಬಂದಿತ್ತು. ತೇವ ನೋಡದೆ ಇಳಿಸಿಕೊಂಡರೆ ಗೋದಾಮಿನ ಮಾಲೆಲ್ಲ ಬೂಷ್ಟು ಹಿಡಿಯುತ್ತದೆ. ಪರಮೇಶ್ವರಪ್ಪ ಓಡಿಹೋಗಿ ಒಂದು ಹಿಡಿ ಭತ್ತ ತಂದು, ನಾಚಿಕೆಯಿಲ್ಲದೆ ಅವಳ ಮುಂದೆ ಚಾಚಿದ.

"ಇದೊಂದು ನೋಡಿ ಹೋಗಬೇ."

"ಸುಳ್ಳ ಹೇಳೂ ಬಾಯಿರಿ ಇದು," ಎಂದಳು ಹೊಳೆವ್ವ. "ಅವ್ರನ್ನ ಕೇಳ್ರಿ."

ಸೆರಗು ಸರಿಪಡಿಸಿಕೊಂಡು ಅವಳು ಗೇಟು ದಾಟಿದಳು. ಸುಮೇಧ ತಲೆಯೆತ್ತದೆ ತಂತಿ ಸುತ್ತತೊಡಗಿದ. ಲಾರಿಯ ಡ್ರೈವರು ಮತ್ತೆ ಹಾರ್ನು ಹೊಡೆದ. ಪರಮೇಶ್ವರಪ್ಪ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಡಿದ, ಇನ್ನೊಂದು ಕಡಿದ, ಆಮೇಲೆ ಮತ್ತೊಂದು.