ನಾಲ್ಕನೆಯ ರೊಟ್ಟಿ

ಲೆಕ್ಕದ ಒಗಟು ಹೇಳದಿದ್ದರೆ ಸೈದಪ್ಪ ಮಾಸ್ತರರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಅಂದೋಲಾದ ಮಠದಲ್ಲಿ ಸೋಮವಾರ ಪ್ರಸಾದಕ್ಕೆ ಕೂತವರೆಲ್ಲ ಮೊದಲು ತಲೆ ಕೆರೆದುಕೊಳ್ಳಲೇಬೇಕು.

ಅಂದು ಅವರು ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದರು: "ಹಂಚಿನ ಮ್ಯಾಲ ಒಮ್ಮೆಗೆ ಎರಡೇ ರೊಟ್ಟಿ ಹಿಡಿತಾವ. ಒಂದು ಮಗ್ಗಲ ಬೇಯಾಕ ಒಂದು ನಿಮಿಷ. ಮೂರು ರೊಟ್ಟಿ ಎರಡೂ ಮಗ್ಗಲ ಬೇಯಾಕ ಎಷ್ಟು ನಿಮಿಷ ಬೇಕ್ರಿ?"

"ನಾಕ್ರಿ!" ಎಂದಿತು ಇಡೀ ಪಂಕ್ತಿ.

ಮಾಸ್ತರರು ಮೀಸೆಯಲ್ಲೇ ನಕ್ಕರು. "ಮೂರೇ! ಒಂದನ್ನ ಅರ್ಧಾ ಬೇಯಿಸಿ ಕೆಳಗಿಡ್ರಿ. ಆಮ್ಯಾಲ ಮೂರನೇದ್ರ ಜೋಡಿ ಮತ್ತ ಹಾಕ್ರಿ."

ಮೂವತ್ತು ವರ್ಷದಿಂದ ಮಠಕ್ಕೆ ರೊಟ್ಟಿ ಸುಡುತ್ತಿದ್ದ ನಿಂಬೆವ್ವ ಒಲೆಯ ಮುಂದಿನಿಂದ ಕಿಸಕ್ಕನೆ ನಕ್ಕಳು. "ಅರ್ಧಾ ಬೆಂದದ್ದು ಕೆಳಗಿಟ್ರ ಚರ್ಮ ಆಗ್ತೈತ್ರಿ ಮಾಸ್ತರ. ಒಂದಿನಾರ ಒಲಿ ಮುಂದ ಕುಂತೀರೇನು? ಎರಡನೇ ಮಗ್ಗಲ ಬೇಯೂದು ಹಂಚಿನ ಮ್ಯಾಲಲ್ಲ, ಕೆಂಡಕ್ಕ!"

ತಟ್ಟಿಟ್ಟ ಎರಡು ರೊಟ್ಟಿಗಳನ್ನು ಹಂಚಿಗೆ ಹಾಕಿದಳು. ನಿಮಿಷದಲ್ಲಿ ಅವನ್ನು ಎಳೆದು ಒಲೆಬಾಯಿಯ ಕೆಂಡಕ್ಕೆ ಒರಗಿಸಿದಳು. ಖಾಲಿ ಹಂಚಿಗೆ ಇನ್ನೆರಡು ಬಿದ್ದವು. ಮೊದಲಿನವು ಉಬ್ಬಿ ಬುಟ್ಟಿ ಸೇರಿದವು, ಹಂಚಿನವು ಕೆಂಡದ ಮುಂದೆ ಬಂದು ಅವೂ ಉಬ್ಬಿದವು.

ಮಾಸ್ತರರು ಕೈಗಡಿಯಾರ ನೋಡಿದರು: ಮೂರು ನಿಮಿಷ. ಬುಟ್ಟಿ ನೋಡಿದರು: ನಾಲ್ಕು ರೊಟ್ಟಿ. ಪಂಕ್ತಿ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರೇ.

ನಿಂಬೆವ್ವ ನಾಲ್ಕನೆಯದಕ್ಕೆ ಬೆಣ್ಣೆ ಸವರಿ ಅವರ ಕೈಗಿಟ್ಟಳು. "ನಿಮ್ಮ ಲೆಕ್ಕದಾಗ ಇದು ಇರಲಿಲ್ರಿ. ಬಿಸಿ ಆರೂದ್ರಾಗ ತಿನ್ರಿ."