ಖಾಲಿ ತಟ್ಟೆಯ ತೂತುಗಳು

ಹೊಸ ವೈರಸ್ ಸಿಕ್ಕಿತೆಂದರೆ ಮಹಾಶಯರಿಗೆ ಮೊದಲು ನೆನಪಾಗುತ್ತಿದ್ದುದು ಅದರ ಗುಣವಲ್ಲ, ನೆಂಟರು. ಕೆರೆಯಲ್ಲಿ ಸಿಕ್ಕಿದ್ದಕ್ಕೆ ಹೆಂಡತಿಯ ಹೆಸರು, ಮೋರಿಯಲ್ಲಿ ಸಿಕ್ಕಿದ್ದಕ್ಕೆ ಅತ್ತೆಯ ಹೆಸರು (ಅದ್ಯಾವ ಜನ್ಮದ ಸೇಡೋ!), ಕೊಟ್ಟಿಗೆಯ ಹೊಂಡದ್ದಕ್ಕೆ ಷಡ್ಡಕನದು. ಪ್ರಯೋಗಾಲಯದ ಮುಖ್ಯಸ್ಥರಿಗೆ ಬೆನ್ನ ಹಿಂದೆ ‘ಮಹಾಶಯ’ ಅಂತ ಹೆಸರಿಟ್ಟವಳು ಅಲ್ಲಿನ ಸಂಶೋಧಕಿ ಚೂಟಿ. ಅವಳ ನಾಲಿಗೆಗೆ ಹೆದರಿಯೇ ಚಿಕ್ಕಮ್ಮ ಅವಳನ್ನು ಚೂಟಿ ಎಂದು ಕರೆದದ್ದು.

ಇವು ಮನುಷ್ಯರಿಗೆ ಅಂಟುವ ವೈರಸ್‌ಗಳಲ್ಲ, ಬ್ಯಾಕ್ಟೀರಿಯಾಗಳನ್ನು ಕೊಲ್ಲುವಂಥವು. ಒಂದು ಚಮಚ ಚರಂಡಿ ನೀರಿನಲ್ಲಿ ಲೆಕ್ಕವಿಲ್ಲದಷ್ಟು. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಂಡರೂ ಒಳಗಿನ ಜೀನ್‌ಗಳನ್ನು ಓದಿದರೆ ಎಷ್ಟೋ ಜೋಡಿಗಳಲ್ಲಿ ಹೋಲುವ ಜೀನ್ ಒಂದೂ ಇರುವುದಿಲ್ಲ. ಆನೆಗೂ ಅಣಬೆಗೂ ಅದಕ್ಕಿಂತ ಹತ್ತಿರದ ನೆಂಟಸ್ತಿಕೆ. ಈ ವೈವಿಧ್ಯ ಎಂದರೆ ಚೂಟಿಗೆ ಹುಚ್ಚು. ಈಗಂತೂ ಅದರ ಮೇಲೆ ಚಿಕ್ಕಮ್ಮನ ಕಾಲೇ ನಿಂತಿತ್ತು.

ಚಿಕ್ಕಮ್ಮ ದರ್ಜಿ. ಚೂಟಿಯನ್ನು ಸಾಕಿದವಳು. ಅವಳ ಪಾದದ ಗಾಯಕ್ಕೆ ಸೇರಿಕೊಂಡ ಬ್ಯಾಕ್ಟೀರಿಯಾ ಯಾವ ಔಷಧಿಗೂ ಜಗ್ಗದೆ ಕೂತಿತ್ತು. ಸರ್ಜನ್ ಹೇಳಿದ್ದರು: ಮಹಾಶಯರ ಆರು ವೈರಸ್‌ಗಳ ಮಿಶ್ರಣ ಹಾಕಿ ನೋಡೋಣ, ಆಗದಿದ್ದರೆ ಪಾದ ತೆಗೆಯಲೇಬೇಕು. ಆರು ಯಾಕೆಂದರೆ, ಬ್ಯಾಕ್ಟೀರಿಯಾ ಕಳ್ಳ. ಒಂದು ವೈರಸ್ ಒಂದು ಚಿಲಕ ಹಿಡಿದು ಒಳನುಗ್ಗಿದರೆ ಅದು ಚಿಲಕವನ್ನೇ ಬದಲಿಸಿಬಿಡುತ್ತದೆ. ಬೇರೆ ಬೇರೆ ಚಿಲಕಕ್ಕೆ ಕೈಹಾಕುವ ಬೇರೆ ಬೇರೆ ವೈರಸ್‌ಗಳಿದ್ದರೆ ಎಲ್ಲಿಗೆ ಓಡೀತು?

ಮಿಶ್ರಣವನ್ನು ಆಸ್ಪತ್ರೆಗೆ ಕಳಿಸುವ ಮೊದಲು ಚೂಟಿ ಆರರ ಜೀನ್‌ಗಳನ್ನೂ ಓದಿಸಿದಳು. ಓದಿಸಿ ನೇರ ಮಹಾಶಯರ ಕೋಣೆಗೆ ನುಗ್ಗಿದಳು.

“ಸರ್, ನಿಮ್ಮ ಹೆಂಡತಿ, ಅತ್ತೆ, ಷಡ್ಡಕ, ಎಲ್ಲಾ ಒಬ್ಬರೇ.”

“ಏನಮ್ಮಾ ಅದು ಮಾತು!”

“ಜೀನಲ್ಲಿ ಒಂದಕ್ಷರ ವ್ಯತ್ಯಾಸ ಇಲ್ಲ ಸರ್. ಆರೂ ಒಂದೇ ವೈರಸ್ಸು.”

“ಹಾಗಿದ್ರೆ ಓದೋ ಮಷೀನು ಕೆಟ್ಟಿದೆ. ರಿಪೇರಿಯವ್ರಿಗೆ ಹೇಳು.”

ಕೆಟ್ಟದ್ದು ಮಷೀನಲ್ಲ, ಕಿಟಕಿ ಪಕ್ಕದ ದೊಡ್ಡ ಬಾಟಲಿ ಎಂದು ಚೂಟಿಗೆ ಹೊಳೆದದ್ದು ಮೆಟ್ಟಿಲಿಳಿಯುವಾಗ. ಎಲ್ಲ ಮಾದರಿಗಳನ್ನು ತೆಳು ಮಾಡುವ ಉಪ್ಪುನೀರು ಅದರಲ್ಲಿತ್ತು. ಮೊದಲ ವೈರಸ್ ಸಿಕ್ಕಾಗ ಬಳಸಿದ ಬಾಟಲಿ, ಲಕ್ಕಿ ಬಾಟಲಿ; ಪೂರ್ತಿ ಖಾಲಿ ಮಾಡಕೂಡದು, ತಳದಲ್ಲಿ ಉಳಿದದ್ದರ ಮೇಲೇ ಹೊಸ ನೀರು ಸುರಿಯಬೇಕು ಎಂಬುದು ಮಹಾಶಯರ ಕಟ್ಟಪ್ಪಣೆ. ವಿಜ್ಞಾನಿಯಂತೆ, ವಿಜ್ಞಾನಿ! ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳಲ್ಲಿ ಒಂದಕ್ಕೆ ಮಾದರಿ ಹಾಕದೆ ಬರೀ ಉಪ್ಪುನೀರು ಹಾಕಿ, ಆ ‘ಖಾಲಿ ತಟ್ಟೆ’ಯನ್ನೂ ಜೊತೆಗಿಟ್ಟು ನೋಡುವುದು ಈ ಕೆಲಸದ ಅ ಆ ಇ ಈ. “ಏನೂ ಇಲ್ಲದ್ದರಲ್ಲಿ ಏನು ನೋಡ್ತೀಯ?” ಎಂದು ಅದನ್ನೂ ನಿಲ್ಲಿಸಿದ್ದರು.

ಚೂಟಿ ಆ ತಟ್ಟೆ ಇಟ್ಟಳು. ಬೆಳಗ್ಗೆ ನೋಡಿದರೆ ಬ್ಯಾಕ್ಟೀರಿಯಾದ ಬಿಳಿ ಹಾಸಿನ ತುಂಬ ತೂತುಗಳು, ಹುಳ ತಿಂದ ಶಾಲಿನ ಹಾಗೆ. ಪ್ರತಿ ತೂತೂ ವೈರಸ್ ಉಂಡೆದ್ದ ಜಾಗ. ಕೆರೆಯಿಲ್ಲ, ಮೋರಿಯಿಲ್ಲ, ಇಷ್ಟು ದಿನ ಎಲ್ಲರೂ ಹಿಡಿದದ್ದು ಬಾಟಲಿಯಲ್ಲಿ ಸಂಸಾರ ಹೂಡಿದ್ದ ಒಂದೇ ವೈರಸ್.

ಮಹಾಶಯರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಬಾಡಿತು, ಮರುಕ್ಷಣವೇ ಚಿಗುರಿತು.

“ಮಿಶ್ರಣ ರೆಡಿ ಇದೆ, ಟೀವಿಯವ್ರು ಬರ್ತಿದ್ದಾರೆ. ಕಳಿಸಿಬಿಡೋಣ. ಒಂದಾದ್ರೂ ಇದೆಯಲ್ಲ?”

“ಒಂದೇ ಆದ್ರೆ ಬ್ಯಾಕ್ಟೀರಿಯಾ ಅದಕ್ಕೆ ಒಂದೇ ದಿನದಲ್ಲಿ ಚಳ್ಳೆಹಣ್ಣು ತಿನ್ಸತ್ತೆ ಸರ್.”

“ಬಾಯ್ಬಿಟ್ರೆ ಸರ್ಜನ್ ನಾಳೇನೇ ಗರಗಸ ಹಿಡೀತಾರೆ. ನಿಮ್ಮ ಚಿಕ್ಕಮ್ಮನ ಕಾಲು ನೀನೇ ಕಡಿಸಿದ ಹಾಗಾಗತ್ತೆ, ಯೋಚನೆ ಮಾಡು.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಚೂಟಿಯನ್ನು ಉರಿಸಿದ್ದು. ಅವರೆದುರೇ ಸರ್ಜನ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು ದಿನ ಲೆಕ್ಕ ಹಾಕಿದರು. ಆಮೇಲೆ, “ಮುಂದಿನ ವಾರ ಕೊನೇವರೆಗೂ ತಡೀತೀನಿ. ಜ್ವರ ಏರಿದ್ರೆ ಅದೂ ಇಲ್ಲ.”

ಸಂಜೆ ಚಿಕ್ಕಮ್ಮನಿಗೂ ಹೇಳಿದಳು.

“ಒಂದೇ ಥಾನಿನ ಬಟ್ಟೆಗೆ ಆರು ಚೀಟಿ ಅಂಟ್ಸಿದ್ನೇನೇ ನಿಮ್ಮ ಸಾಹೇಬ? ನಮ್ಮ ಬೀದೀಲಾಗಿದ್ರೆ ಗಿರಾಕಿಗಳು ಮಷೀನು ಸಮೇತ ಎತ್ತಿ ಆಚೆಗೆ ಹಾಕ್ತಿದ್ರು.”

“ನಿನ್ನ ಕಾಲು ಹೋದ್ರೆ?”

“ಸುಳ್ಳಿಗೆ ಕಾಲು ಕೊಡೋದಕ್ಕಿಂತ ವಾಸಿ. ಹೋಗು, ಇಲ್ಲಿ ಮುಸುಮುಸು ಅನ್ಬೇಡ.”

ಚೂಟಿ ಹೋದದ್ದು ಆಸ್ಪತ್ರೆಯ ಹಿಂದಿನ ಚರಂಡಿಗೆ. ಮೂಗು ಮುಚ್ಚಿಕೊಂಡು ನೀರು ತುಂಬಿದಳು. ಹೊಸ ಬಾಟಲಿ, ಹೊಸದಾಗಿ ಕುದಿಸಿದ ಉಪ್ಪುನೀರು, ತಟ್ಟೆಗಳಲ್ಲಿ ವೈರಸ್‌ಗಳಿಗೆ ಚಿಕ್ಕಮ್ಮನ ಗಾಯದ ಬ್ಯಾಕ್ಟೀರಿಯಾವನ್ನೇ ಮೇವಾಗಿ ಇಟ್ಟಳು. ಖಾಲಿ ತಟ್ಟೆ ಒಂದು ತೂತೂ ಇಲ್ಲದೆ ಬೆಳ್ಳಗೆ ಉಳಿಯಿತು. ಚರಂಡಿಯ ತಟ್ಟೆಯಲ್ಲೋ, ತೂತುಗಳ ಜಾತ್ರೆ! ಗುಂಡುಸೂಜಿಯ ತಲೆಯಷ್ಟು ಸಣ್ಣವು, ಗುಂಡಿಯಷ್ಟು ಅಗಲದವು, ಸುತ್ತ ಮಂಜಿನ ಬಳೆ ತೊಟ್ಟವು. ಜೀನ್ ಓದಿಸಿದಾಗ ಒಂದಕ್ಕೊಂದು ಏನೇನೂ ಸಂಬಂಧವಿಲ್ಲದ ಮೂರು ವೈರಸ್‌ಗಳು ಸಿಕ್ಕವು. ಅದೇ ಬ್ಯಾಕ್ಟೀರಿಯಾವನ್ನು ಎರಡು ಸೀಸೆಗಳಲ್ಲಿ ಬೆಳೆಸಿ ನೋಡಿದಳು. ಮಹಾಶಯರ ಆರನ್ನು ಬೆರೆಸಿದ ಸೀಸೆಯಲ್ಲಿ ಬ್ಯಾಕ್ಟೀರಿಯಾ ಮರುದಿನವೇ ಮತ್ತೆ ಬೆಳೆದು ನೀರು ಕದಡಿತು. ಈ ಮೂರನ್ನು ಬೆರೆಸಿದ್ದು ತಿಳಿಯಾಗಿಯೇ ಉಳಿಯಿತು. ಸರ್ಜನ್ ಎರಡು ಸೀಸೆಗಳನ್ನೂ ಅಲ್ಲಾಡಿಸಿ ನೋಡಿ, ತಿಳಿಯಾದದ್ದರ ಮಿಶ್ರಣವನ್ನೇ ಗಾಯಕ್ಕೆ ಹಾಕಲು ಆರಿಸಿದರು.

ಕಿರುಬೆರಳು ಉಳಿಯಲಿಲ್ಲ. ಪಾದ ಉಳಿಯಿತು. ಗಾಯದ ಅಂಚಿನಲ್ಲಿ ಎಳೆಯ ಕೆಂಪು ಮಾಂಸ ಕಂಡ ದಿನ ಸರ್ಜನ್, “ಕತ್ತರಿಸೋ ಮಾತು ಇನ್ನು ಬೇಡ” ಎಂದರು.

ಅದೇ ಮಧ್ಯಾಹ್ನ ಟೀವಿಯವರನ್ನು ಕರೆದುಕೊಂಡು, ಹೊಸ ಕೋಟು ತೊಟ್ಟು ಮಹಾಶಯರು ವಾರ್ಡಿನ ಬಾಗಿಲಿಗೆ ಬಂದರು.

“ನಮ್ಮ ಲ್ಯಾಬಿನ ಸಾಧನೆ ನೋಡಿ, ಒಂದೇ ಒಂದು ಫೋಟೋ...”

ಚೂಟಿ ಅವರ ಮೂಗಿನೆದುರೇ ಬಾಗಿಲು ಮುಚ್ಚಿದಳು.

“ಯಾರೇ ಅದು?” ಎಂದಳು ಚಿಕ್ಕಮ್ಮ.

“ಯಾರೂ ಇಲ್ಲ ಚಿಕ್ಕಮ್ಮ. ಕಾಲು ಚಾಚಿ ಮಲಕ್ಕೋ.”